ಕೇರಿಯ ಕುಂಟೆಗೆ ಬಂದ ಗಣಪ

"ದೂರ ನಿಂತ್ಕಳೇ ಮುಂಡೆ! ನಿನ್ನ ನೆಳ್ಳು ದೇವ್ರ ಮ್ಯಾಲೆ ಬೀಳ್ತೈತೆ. ಮುಟ್ಟುಗಿಟ್ಟೀಯ, ಕೈ ಕಡ್ದಾಕ್ಬಿಡ್ತೀನಿ!"

ಬೈದವರು ಪಟೇಲ ಆದಿನಾರಾಯಣಪ್ಪನವರು. ಬೈಸಿಕೊಂಡವಳು ಕೇರಿಯ ಪಿಳ್ಳಮ್ಮ. ಅವಳು ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ತಮ್ಮ ಕೇರಿಯ ಕುಂಟೆಯ ದಡದ ಮೇಲೆ ನಿಂತಿದ್ದಳು. ದೇವರು ಟ್ರ್ಯಾಕ್ಟರಿನ ಮೇಲೆ ಕೂತಿದ್ದ. ಅವಳೇನೂ ದೇವರ ಹತ್ತಿರ ಹೋಗಿರಲಿಲ್ಲ. ದೇವರೇ ಮೆರವಣಿಗೆಯಲ್ಲಿ ಅವಳು ನೀರು ತುಂಬುವ ಜಾಗಕ್ಕೆ ಬಂದಿದ್ದ.

"ಸೋಮಿ, ಇದು ನಾವು ಕುಡ್ಯೋ ನೀರು. ಇದ್ರಾಗೊಂದು ಬುಡಬ್ಯಾಡಿ. ವರ್ಸಾ ವರ್ಸಾ ಕಲ್ಯಾಣಿಯಾಗೆ ಬುಡ್ತಿದ್ರಲ್ಲ?"

"ನಂಗೇ ಬುದ್ದಿ ಹೇಳಕ್ಬಂದ್ಲು ನೋಡು ಬೋಳಿ!"

ಪಟೇಲರ ಪಕ್ಕದಲ್ಲಿದ್ದ ಐನೋರು ಮಂಗಳಾರತಿ ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಈಶಾನ್ಯ ಮೂಲೆ ನೀರಲ್ಲೇ ಬಿಡ್ಬೇಕಮ್ಮ. ಶಾಸ್ತ್ರ ಹಾಗಿದೆ."

ಈ ಶಾಸ್ತ್ರ ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಮೊದಲೆಲ್ಲ ಊರಿನ ಕುಂಬಾರ ಕೆರೆಯ ಜೇಡಿಮಣ್ಣು ತಂದು ಮೊಳದುದ್ದದ ಗಣಪನನ್ನು ಮಾಡಿಕೊಡುತ್ತಿದ್ದ. ಸಂಜೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮಣ್ಣು ಮಣ್ಣಿಗೆ ಸೇರಿರುತ್ತಿತ್ತು. ಹೋದ ವರ್ಷ, ಎಪ್ಪತ್ತೇಳರಲ್ಲಿ, ಪಕ್ಕದೂರು ತೂಬಗೆರೆಯವರು ಆಳುದ್ದದ ಗಣಪನನ್ನು ಕೂರಿಸಿದರೆಂದು ಪಟೇಲರಿಗೆ ಹೊಟ್ಟೆ ಉರಿಯಿತು. ಬೆಂಗಳೂರಿನಿಂದ ಪ್ಲಾಸ್ಟರಿನ ಗಣಪ ಬಂದ. ಬಾಗಿಲಿಗೆ ಬಳಿಯುವ ಎಣ್ಣೆ ಬಣ್ಣ ಬಳಿದಿದ್ದರು. ಕಲ್ಯಾಣಿಗೆ ಬಿಟ್ಟರೆ ಅವನು ಕರಗಲೇ ಇಲ್ಲ. ಮೀನು ಸತ್ತು ತೇಲಿದವು, ಮೇಲಿನ ಬೀದಿಯವರು ತಿಂಗಳುಗಟ್ಟಲೆ ಚೊಂಬು ಹಿಡಿದು ಹೊಲಕ್ಕೆ ಓಡಿದರು. ಈ ವರ್ಷ ಗಣಪನೂ ದೊಡ್ಡವನೇ ಬೇಕು, ಕಲ್ಯಾಣಿಯೂ ಕೆಡಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಐನೋರು ಪಂಚಾಂಗ ತೆಗೆದರು. ಈಶಾನ್ಯದಲ್ಲಿ ಕೇರಿಯ ಕುಂಟೆಯಿತ್ತು. ಶಾಸ್ತ್ರಕ್ಕೆ ಇಷ್ಟು ಚೆನ್ನಾಗಿ ದಾರಿ ತೋರಿಸಿದ್ದು ಮೇಲಿನ ಬೀದಿಯವರ ಭೇದಿ.

ಮೆರವಣಿಗೆಗೆ ತಮಟೆ ಬಡಿದವರೂ ಕೇರಿಯವರೇ. ಮುದುಕ ಸೊಣ್ಣಪ್ಪ ಎಲ್ಲರಿಗಿಂತ ಮುಂದೆ ನಿಂತು, ತಮ್ಮ ನೀರಿಗೆ ತಾನೇ ದಾರಿ ತೋರಿಸಿ ಕರೆತಂದಿದ್ದ. ಪಿಳ್ಳಮ್ಮ ಅವನ ಮುಖ ನೋಡಿದಳು. ಅವನು ತಮಟೆಯ ಮುಖ ನೋಡಿದ.

ಆ ಕುಂಟೆಯನ್ನು ತೋಡಿದ್ದೂ ಇವರೇ. ಕಲ್ಯಾಣಿ ಮುಟ್ಟಬಾರದೆಂದು ಊರಿನವರು ಬೆನ್ನಟ್ಟಿ ಹೊಡೆದ ವರ್ಷ ಕೇರಿಯ ಗಂಡಸರು ಹಾರೆ ಹಿಡಿದರು, ಹೆಂಗಸರು ಮಣ್ಣು ಹೊತ್ತರು. ಪಿಳ್ಳಮ್ಮ ಆಗ ಏಳು ತಿಂಗಳ ಬಸುರಿ. ಹೊಟ್ಟೆಯಲ್ಲಿದ್ದ ಆ ಮಗ ಕೊಂಡಪ್ಪ ಈಗ ಪಟೇಲರ ದನ ಕಾಯುತ್ತಾನೆ. ಅವನ ಹೆಂಡತಿ ಮುನಿಗಂಗಮ್ಮ ಹೆತ್ತು ಹದಿನೈದು ದಿನವಾಗಿತ್ತು.

ಜೈಕಾರ ಹಾಕಿ ಗಣಪನನ್ನು ಹಲಗೆಯ ಮೇಲಿಂದ ಜಾರಿಸಿದರು. ನೀರು ಎದ್ದು ಪಿಳ್ಳಮ್ಮನ ಸೀರೆಗೆ ರಾಚಿತು. ಎದೆಮಟ್ಟದ ನೀರಿನಲ್ಲಿ ದೇವರು ಪೂರ್ತಿ ಮುಳುಗಲಿಲ್ಲ. ಕಿರೀಟ ಮತ್ತು ಒಂದು ಕಣ್ಣು ಮೇಲೇ ಉಳಿದವು.

*

ಮೂರನೇ ದಿನಕ್ಕೆ ಕುಂಟೆಯ ಮೇಲೆ ಬಣ್ಣದ ಪೊರೆ ಕಟ್ಟಿತು. ಕಪ್ಪೆಗಳು ಬಿಳಿ ಹೊಟ್ಟೆ ಮೇಲಾಗಿ ದಡಕ್ಕೆ ಬಂದವು. ಪಿಳ್ಳಮ್ಮ ಪೊರೆ ಸರಿಸಿ, ಬಟ್ಟೆಯಲ್ಲಿ ಸೋಸಿ, ಕುದಿಸಿ ಸೊಸೆಗೆ ಕೊಟ್ಟಳು.

"ಅತ್ತೆ, ಸೀಮೆಣ್ಣೆ ಕುಡ್ದಂಗಾಯ್ತದೆ," ಎಂದಳು ಮುನಿಗಂಗಮ್ಮ. ಕುಡಿದದ್ದೆಲ್ಲ ವಾಂತಿಯಾಯಿತು. ಸಂಜೆಗೆ ಎದೆಹಾಲು ಕಮ್ಮಿಯಾಗಿ ಕೂಸು ಅರಚತೊಡಗಿತು. ಬೇರೆ ನೀರು ಬೇಕೆಂದರೆ ಎರಡು ಮೈಲಿ ಆಚೆಯ ಪಂಪ್‌ಸೆಟ್ಟಿಗೆ ಹೋಗಬೇಕು. ಅದೂ ಕರೆಂಟ್ ಇದ್ದರೆ, ತೋಟದವನಿಗೆ ಮನಸ್ಸು ಬಂದರೆ. ಕೇರಿಗೆ ಬೋರ್‌ವೆಲ್ ಹಾಕಿಸುವ ಮಾತು ಮೂರು ಎಲೆಕ್ಷನ್ ಹಳೆಯದು.

ಬೆಳಿಗ್ಗೆ ಪಿಳ್ಳಮ್ಮ ಸೊಣ್ಣಪ್ಪನನ್ನು ಕರೆದುಕೊಂಡು ಪಟೇಲರ ಮನೆಯ ಮುಂದೆ, ಅಂಗಳದಾಚೆ ನಿಂತಳು. ಪಟೇಲರೂ ಐನೋರೂ ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಕೊಂಡಪ್ಪ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ.

"ಬುದ್ದಿ, ಬಾಣಂತಿ ಸಾಯಂಗವ್ಳೆ. ಗಣಪನ್ನ ಈಚಿಗೆ ತೆಗೆಸ್ಬುಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬಿಟ್ಟ ದೇವ್ರನ್ನ ಎತ್ತಿದ್ರೆ ಊರಿಗೇ ಕೇಡು ಕಣೇ," ಎಂದರು ಪಟೇಲರು.

"ನೀರು ಕೆಟ್ಟೋಗೈತೆ ಸೋಮಿ."

ಐನೋರು ಲೋಟ ಕೆಳಗಿಟ್ಟು ನಕ್ಕರು. "ಹುಚ್ಚಿ, ನೀರು ಅಂದ್ರೆ ಗಂಗಮ್ಮ. ಗಂಗೆಗೆಲ್ಲಿಯ ಮೈಲಿಗೆ? ಯಾರು ಮುಟ್ಟಿದ್ರೂ, ಏನು ಬಿದ್ರೂ ಗಂಗೆ ಕೆಡೋದಿಲ್ಲ."

ಪಿಳ್ಳಮ್ಮ ಕೇಳಿದಳು:

"ಅಂಗಾರೆ ಕಲ್ಯಾಣಿಯಾಗೆ ನಾವೂ ತುಂಬ್ಕಬೌದಾ ಐನೋರೇ?"

ಕೊಟ್ಟಿಗೆಯಲ್ಲಿ ಸಗಣಿ ಬಾಚುವ ಸದ್ದು ನಿಂತಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಪೂಜಾರಿ ಬಾಯಿ ತೆರೆಯುವ ಮೊದಲೇ ಪಟೇಲರ ಕೈಯಲ್ಲಿದ್ದ ಹಿತ್ತಾಳೆ ಲೋಟ ಹಾರಿ ಬಂದು ಪಿಳ್ಳಮ್ಮನ ಹಣೆಗೆ ಬಿತ್ತು. ಬಿಸಿ ಕಾಫಿಯೂ ರಕ್ತವೂ ಒಟ್ಟಿಗೆ ಇಳಿದವು.

"ನಾಲ್ಗೆ ಸೀಳ್ಬಿಡ್ತೀನಿ ರಂಡೆ! ಲೇ ಕೊಂಡ, ನಿಮ್ಮವ್ವನ್ನ ಎಳ್ಕೊಂಡೋಗು. ಇನ್ನೊಂದು ದಪ ಇಲ್ಲಿಗೆ ಬಂದ್ರೆ ನಿಂಗೂ ಕೆಲ್ಸ ಇಲ್ಲ, ನನ್ಮಗನೆ!"

ಕೊಂಡಪ್ಪ ಬಂದ. ಅವ್ವನ ರಟ್ಟೆ ಹಿಡಿದು ನಡೆಸಿಕೊಂಡು ಹೋದ. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಅದಕ್ಕೇ ಪಿಳ್ಳಮ್ಮನಿಗೆ ಹಣೆಯ ಗಾಯಕ್ಕಿಂತ ಹೆಚ್ಚು ಉರಿಯಿತು.

*

ಅವಳು ಗುಡಿಸಲಿಗೆ ಹೋಗಲಿಲ್ಲ. ನೇರ ಕುಂಟೆಗೆ ಹೋಗಿ, ಸೀರೆ ಎತ್ತಿ ಕಟ್ಟಿ, ನೀರಿಗೆ ಇಳಿದಳು.

ಸೊಣ್ಣಪ್ಪ ದಡದಿಂದ ಕೂಗಿದ. "ಅಮ್ಮಿ, ಬ್ಯಾಡ ಕಣಮ್ಮಿ! ದೇವ್ರು ಅದು. ಮುಟ್ಟಿದ್ರೆ ಕೈ ಬಿದ್ದೋಯ್ತದೆ!"

"ನಾನೆಲ್ಲಿ ಮುಟ್ದೆ ಮಾವ? ಅವ್ನೇ ಬಂದು ನನ್ನ ನೀರು ಮುಟ್ಟವ್ನೆ!"

ಎರಡೂ ಕೈ ಚಾಚಿ ಅವಳು ಗಣಪನ ಸೊಂಡಿಲನ್ನು ಹಿಡಿದಳು. ಐವತ್ತು ವರ್ಷದ ಬದುಕಿನಲ್ಲಿ ಊರಿನ ದೇವರೊಂದನ್ನು ಮುಟ್ಟಿದ್ದು ಅದೇ ಮೊದಲು. ಕೈ ಬೀಳಲಿಲ್ಲ. ಅಂಗೈಗೆ ಕೆಂಪು ಬಣ್ಣ ಹತ್ತಿತು, ಅಷ್ಟೆ. ಜಗ್ಗಿದಳು. ಗಣಪ ಅಲುಗಲಿಲ್ಲ. ಮತ್ತೆ ಜಗ್ಗಿದಾಗ ಪಕ್ಕದಲ್ಲಿ ಇನ್ನೊಂದು ಜೊತೆ ಕೈ ಕಂಡವು. ಸಗಣಿ ಇನ್ನೂ ತೊಳೆಯದ ಕೈ, ಕೊಂಡಪ್ಪನದು.

"ಕೆಲ್ಸ ಹೋಯ್ತದೆ ಕಣ್ಲಾ," ಎಂದಳು ಪಿಳ್ಳಮ್ಮ.

"ವೋಗ್ಲಿ ಬುಡವ್ವ. ಕೂಸು ಅಳ್ತೈತೆ."

ಹಗ್ಗ ಬಂತು. ಹತ್ತು ಜನ ಬಂದರು. ಒಂದು ಕೈ ಮುರಿದು, ಬಣ್ಣ ಸುಲಿದು, ಹೊಟ್ಟೆಯಲ್ಲಿದ್ದ ತಂತಿ ಕಾಣುತ್ತಿದ್ದ ಗಣಪ ದಡಕ್ಕೆ ಬಂದ. ಹೊರಲು ಏನಿದೆ? ಅವರಿಗೆ ಕಟ್ಟಲು ಬರುತ್ತಿದ್ದದ್ದು ಒಂದೇ. ಬಿದಿರು ಕಡಿದು ಚಟ್ಟ ಕಟ್ಟಿದರು. ಸೊಣ್ಣಪ್ಪ ಬಹಳ ಹೊತ್ತು ನೋಡುತ್ತಾ ನಿಂತಿದ್ದವನು ತೆಂಗಿನ ಗರಿ ಸುಟ್ಟು ತಮಟೆ ಕಾಯಿಸಿದ.

"ನಾನೇ ಕರ್ಕೊಂಡ್ಬಂದೆ," ಎಂದ. "ನಾನೇ ಬುಟ್ಬತ್ತೀನಿ."

ಆ ತಮಟೆ ಹಬ್ಬದ ತಮಟೆಯಲ್ಲ, ಸಾವಿನದು. ಮೇಲಿನ ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಸುತ್ತ ಗೋಡೆಯಿದ್ದ ಕಲ್ಯಾಣಿಗೆ ಇಳಿಯಲು ಒಂದೇ ಬಾಗಿಲು. ಚಟ್ಟ ಅದರ ಮುಂದೆ ನಿಂತಿತು.

"ಒಳಕ್ಕೇ ತಳ್ಳಾಣ!" ಎಂದ ಕೊಂಡಪ್ಪ. "ಕುಡೀಲಿ ಅವ್ರೂವೆ!"

"ಬ್ಯಾಡ," ಎಂದಳು ಪಿಳ್ಳಮ್ಮ. "ನೀರೇನ್ಲಾ ಮಾಡೈತೆ ನಮ್ಗೆ?"

ಗಣಪನನ್ನು ಬಾಗಿಲಿನ ಎರಡು ಕಲ್ಲುಕಂಬಗಳ ನಡುವೆ ಕೂರಿಸಿದರು. ಅವನನ್ನು ಸವರದೆ ಒಬ್ಬರೂ ಮೆಟ್ಟಿಲಿಳಿಯುವಂತಿರಲಿಲ್ಲ. ಸಂಜೆಯ ನೀರಿಗೆ ಬಂದಿದ್ದ ಮೇಲಿನ ಬೀದಿಯ ಹೆಂಗಸರು ಬಿಂದಿಗೆ ಹಿಡಿದುಕೊಂಡು ಹಿಂದೆ ಸರಿದರು. ಹೊಲಗೇರಿಯವರು ಅಪ್ಪಿ ಹೊತ್ತು ತಂದ ದೇವರು. ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ನೀರಿಲ್ಲ. ಇಡೀ ಊರಿಗೆ ಬಿಸಿ ತುಪ್ಪವಾಗಿ ಕೂತ ಗಣಪ.

ಪಟೇಲರು ದೊಣ್ಣೆ ಹಿಡಿದುಕೊಂಡೇ ಬಂದರು. "ಎತ್ರಲೇ ಅದನ್ನ!"

ಯಾರೂ ಎತ್ತಲಿಲ್ಲ. ಊರಿನವರು ಐನೋರ ಕಡೆ ನೋಡಿದರು. ಐನೋರು ಅಂಗವಸ್ತ್ರ ಒಟ್ಟುಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಹೋದರು. ಕೊನೆಗೆ ಪಟೇಲರೇ ಮುಂದೆ ಬಂದು, ದೊಣ್ಣೆ ಕೆಳಗೆ ಹಾಕಿ, ಗಣಪನ ಕಡೆಗೆ ಕೈ ಚಾಚಿದರು.

ಪಿಳ್ಳಮ್ಮ ಅಡ್ಡ ಬಂದು ನಿಂತಳು. ಹಣೆಯ ರಕ್ತ ಒಣಗಿ ಹುಬ್ಬಿಗೆ ಅಂಟಿತ್ತು.

"ದೂರ ನಿಂತ್ಕಳಿ ಸೋಮಿ," ಎಂದಳು. "ಮುಟ್ಬ್ಯಾಡಿ. ದೇವ್ರು."

ಚಾಚಿದ ಕೈ ಅಲ್ಲೇ ನಿಂತಿತು. ಕೇರಿಯ ಕಡೆಯಿಂದ ಕೂಸಿನ ಅಳು ಕೇಳುತ್ತಲೇ ಇತ್ತು. ಸೊಣ್ಣಪ್ಪ ತಮಟೆ ನಿಲ್ಲಿಸಲಿಲ್ಲ.