ಅಂಟಿಸಿದ ಬಾವಲಿ

ಮೂರನೇ ತರಗತಿಯ ಟೀಚರಿಗೆ ಆ ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಶನಿವಾರ ತಂದೆತಾಯಂದಿರು ಮಕ್ಕಳ ಪ್ರಾಜೆಕ್ಟ್ ನೋಡಲು ಬರುವವರಿದ್ದರು. ಬೇರೆ ತರಗತಿಗಳ ಗೋಡೆ ತುಂಬ ಬಣ್ಣದ ಚಾರ್ಟುಗಳು ಆಗಲೇ ನೇತಾಡುತ್ತಿದ್ದವು. ಇವಳ ತರಗತಿಯಲ್ಲಿ ಮಾತ್ರ ಎಲ್ಲವೂ ನೆಲದ ಮೇಲೆ.

ಬಟ್ಟೆ ಒಣಹಾಕುವ ಹಗ್ಗದಿಂದ ಮಾಡಿದ ಎರಡು ದೊಡ್ಡ ವೃತ್ತಗಳು, ಒಂದರ ಅಂಚು ಇನ್ನೊಂದರೊಳಗೆ ನುಗ್ಗಿದಂತೆ. ಒಂದು ಹಾರುವ ಪ್ರಾಣಿಗಳಿಗೆ, ಇನ್ನೊಂದು ಮರಿಗೆ ಹಾಲೂಡುವವಕ್ಕೆ. ಎರಡೂ ಮಾಡಬಲ್ಲ ಪ್ರಾಣಿಗೆ ನಡುವಿನ ಜಾಗ. ಮಕ್ಕಳು ತಾವೇ ಚಿತ್ರ ಬರೆದು ಕತ್ತರಿಸಿದ ರಟ್ಟಿನ ತುಂಡುಗಳನ್ನು ಮಂಡಿಯೂರಿ ಇಡುತ್ತಿದ್ದರು, ಜಗಳವಾಡಿ ತೆಗೆಯುತ್ತಿದ್ದರು, ಮತ್ತೆ ಇಡುತ್ತಿದ್ದರು. ಕೋಳಿಯಂತೂ ಹಗ್ಗ ದಾಟಿ ದಾಟಿ ಸುಸ್ತಾಗಿತ್ತು. ಅದು ಹಾರುವುದೇನೋ ನಿಜ, ಆದರೆ ತಕ್ಷಣ ಮನಸ್ಸು ಬದಲಾಯಿಸಿ ಇಳಿದುಬಿಡುತ್ತದೆ ಎಂಬುದು ಹಿಂದಿನ ಬೆಂಚಿನವರ ವಾದ. ನಡುವಿನ ಜಾಗ ಮಾತ್ರ ಖಾಲಿ ಬಿದ್ದಿತ್ತು. ಉತ್ತರ ಟೀಚರ ನಾಲಿಗೆಯ ತುದಿಗೆ ಬರುತ್ತಿತ್ತು. ಅವರೇ ಹುಡುಕಲಿ ಎಂದು ನುಂಗಿಕೊಳ್ಳುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಹೆಡ್ ಮಿಸ್ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದರು.

"ಇದೇನು, ಮನೆ ಖಾಲಿ ಮಾಡ್ತಿರೋ ಹಾಗಿದೆಯಲ್ಲ. ನಾಳೆ ಬರೋರು ನೆಲ ನೋಡ್ಕೊಂಡು ಓಡಾಡ್ಬೇಕಾ?"

ಮಕ್ಕಳು ಮನೆಗೆ ಹೋದ ಮೇಲೆ ಟೀಚರಿಗೆ ತಡೆಯಲಾಗಲಿಲ್ಲ. ದೊಡ್ಡ ಹಾಳೆಯ ಮೇಲೆ ಎರಡು ವೃತ್ತ ಎಳೆದು, ರಟ್ಟಿನ ತುಂಡುಗಳನ್ನು ಒಂದೊಂದಾಗಿ ಗೋಂದಿನಿಂದ ಅಂಟಿಸುತ್ತ ಹೋದಳು. ಬಾವಲಿ ಬಂದಾಗ ಕೈ ತಡೆಯಿತು. ಮಕ್ಕಳು ಅದನ್ನು ಹಾರುವವುಗಳ ಜೊತೆಗಷ್ಟೇ ಇಟ್ಟಿದ್ದರು. ನಡುವೆ ಇಟ್ಟರೆ ಉತ್ತರ ತಾನು ಹೇಳಿಕೊಟ್ಟಂತೆ, ಅಲ್ಲೇ ಬಿಟ್ಟರೆ ತಪ್ಪು. ಕಾವಲುಗಾರ ಬೀಗದ ಕೈ ಅಲ್ಲಾಡಿಸುತ್ತಿದ್ದ. ಮಕ್ಕಳು ಇಟ್ಟಲ್ಲೇ ಅಂಟಿಸಿ, ಚಾರ್ಟನ್ನು ಗೋಡೆಗೆ ತಗುಲಿಸಿ ಹೊರಟಳು. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಏನಾಯ್ತೆಂದು ಗಂಡ ಕೇಳಿದರೆ ಬಾವಲಿ ಎಂದು ಹೇಳುವುದು ಹೇಗೆ?

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಓಡಿಬಂದವಳು ಚಿನಕುರುಳಿ. ಒಂದು ಗಳಿಗೆ ಸುಮ್ಮನಿರದ ಹುಡುಗಿಗೆ ತರಗತಿಯೇ ಇಟ್ಟ ಹೆಸರದು. ಅವಳ ಚಿಕ್ಕಮ್ಮ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್.

"ಮಿಸ್, ಬಾವಲಿ ಹಾಲು ಕುಡಿಸುತ್ತಂತೆ. ಚಿಕ್ಕಮ್ಮನ್ನ ಕೇಳ್ದೆ. ನಡುವೆ ಇಡ್ಬೇಕು."

ನೆಲದ ಮೇಲೆ ಏನೂ ಇರಲಿಲ್ಲ. ಹುಡುಗಿ ಸುತ್ತ ನೋಡಿದಳು, ಗೋಡೆ ನೋಡಿದಳು. ಬೆಂಚು ಎಳೆದು, ಹತ್ತಿ, ತಾನೇ ಬರೆದಿದ್ದ ಬಾವಲಿಯ ಅಂಚಿಗೆ ಉಗುರು ಹಾಕಿದಳು. ಅರ್ಧ ರೆಕ್ಕೆ ಅವಳ ಕೈಗೆ ಬಂತು, ಉಳಿದದ್ದು ಹಾಳೆಯಲ್ಲೇ ಉಳಿಯಿತು.

"ಯಾರು ಅಂಟಿಸಿದ್ದು?"

"ನಾನೇ ಕಣೇ," ಎಂದಳು ಟೀಚರ್.

"ನಾವಿನ್ನೂ ಮುಗಿಸಿರ್ಲಿಲ್ಲ, ಮಿಸ್."

ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಅದೇ ಟೀಚರಿಗೆ ಹೆಚ್ಚು ಚುಚ್ಚಿತು. ಗೇಟಿನ ಹತ್ತಿರ ದೊಡ್ಡವರ ಮಾತು ಕೇಳತೊಡಗಿತ್ತು. ಟೀಚರ್ ಚಾರ್ಟನ್ನು ಇಳಿಸಿ ಬೀರುವಿನ ಹಿಂದೆ ತಳ್ಳಿ, ಹಗ್ಗಗಳನ್ನು ಮತ್ತೆ ನೆಲಕ್ಕೆ ಹಾಸಿದಳು. ಬಂದ ಬಂದ ಮಕ್ಕಳ ಕೈಗೆ ಹೊಸ ರಟ್ಟು ಕೊಟ್ಟು, ತಾನು ಅಂಟಿಸಿದ್ದು ತಪ್ಪಾಯ್ತು, ಮತ್ತೆ ಬರೆಯಿರಿ ಎಂದಳು.

ತಂದೆತಾಯಂದಿರು ಒಳಗೆ ಬಂದಾಗ ಅರ್ಧ ಪ್ರಾಣಿಗಳಿಗೆ ಇನ್ನೂ ಕಾಲು ಮೂಡಿರಲಿಲ್ಲ. ನಡುವಿನ ಜಾಗದಲ್ಲಿ ಬಣ್ಣವಿಲ್ಲದ ಬಾವಲಿ ಒಂದೇ ಕೂತಿತ್ತು. ಇಸ್ತ್ರಿ ಪ್ಯಾಂಟಿನ ತಂದೆಯೊಬ್ಬರು ಮಂಡಿಯೂರಿ ಪೆಂಗ್ವಿನ್ನನ್ನು ಒಳಗೆ ತಳ್ಳಿದರು. ಅದೂ ಹಕ್ಕಿಯೇ ಅಲ್ಲವೇ ಎಂದು ಕೇಳಿದರು. ಇದು ಹಕ್ಕಿಗಳ ಹಗ್ಗವಲ್ಲ, ಹಾರುವವುಗಳದ್ದು ಎಂದು ಮಕ್ಕಳು ಅದನ್ನು ಹೊರಗೆ ಹಾಕಿದರು. ಅವರು ಬಿಡಲಿಲ್ಲ, ಇವರೂ ಬಿಡಲಿಲ್ಲ. ಹೆಡ್ ಮಿಸ್ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಹೋಗುವಾಗ, ಮುಂದಿನ ಸಲ ಮೊದಲೇ ಹೇಳಿ ಎಂದಷ್ಟೇ ಅಂದರು. ಅದು ಬೈಗುಳವೋ ಒಪ್ಪಿಗೆಯೋ ಟೀಚರಿಗೆ ತಿಳಿಯಲಿಲ್ಲ.

ಎಲ್ಲರೂ ಹೊರಟಾಗ ಅವಳು ಚಿನಕುರುಳಿಯನ್ನು ಹತ್ತಿರ ಕರೆದು, ಚಿತ್ರ ಹರಿದದ್ದಕ್ಕೆ ಬೇಜಾರಾಯ್ತಾ ಎಂದು ಕೇಳಿದಳು.

"ಇಲ್ಲ ಮಿಸ್. ಅದಕ್ಕೆ ಕಿವಿ ಬರೆಯೋದು ಮರ್ತಿದ್ದೆ."

ಹುಡುಗಿ ಗೇಟಿನತ್ತ ಓಡಿದಳು. ಹಗ್ಗ ಸುತ್ತಿಡಲು ಒಳಗೆ ಬಂದ ಟೀಚರ್ ಬಾಗಿದಳು, ಮತ್ತೆ ನೇರವಾದಳು. ಸೋಮವಾರದವರೆಗೂ ಇರಲಿ ಎಂದು ದೀಪ ಆರಿಸಿದಳು.