ಹಗ್ಗದಾಚೆಯ ಕೈ

ಜಿಗಿಯುವವನ ಹೆಸರು ಬ್ಯಾನರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಹಿಡಿಯುವವನ ಹೆಸರು ಎಲ್ಲೋ ಮೂಲೆಯಲ್ಲಿ. ಬಂದೇನವಾಜನಿಗೆ ಈ ಬಗ್ಗೆ ಯಾವತ್ತೂ ತಕರಾರು ಇರಲಿಲ್ಲ. ವಿಜಯಪುರದ ಗರಡಿಯಲ್ಲಿ ಬೆಳೆದ, ಕೋಣನಂಥ ಮೈಯ, ಮಾತು ಕಡಿಮೆಯ ಮನುಷ್ಯ ಅವನು. ಹೊನವಾಡದ ಪ್ರತಾಪ ರಿಂಗಿನ ಮೂಲೆಯ ಕಂಬ ಹತ್ತಿ, ಕೈ ಚಾಚಿ ಗಾಳಿಗೆ ಹಾರಿದಾಗ ಕೆಳಗೆ ನಿಂತು ಅವನ ತಲೆ, ಕುತ್ತಿಗೆ ನೆಲಕ್ಕೆ ಬಡಿಯದಂತೆ ಹಿಡಿಯುವುದು ಅವನ ಕೆಲಸ. ಹಿಡಿದದ್ದು ಜನರಿಗೆ ಕಾಣಿಸಬಾರದು. ಕಾಣಿಸಿದರೆ ಕೆಲಸ ಕೆಟ್ಟ ಹಾಗೆ.

ನಮ್ಮ ಕಡೆಯವರು ಇದನ್ನು ಸುಳ್ಳು ಕುಸ್ತಿ ಎಂದು ಕರೆದು ಕೈ ತೊಳೆದುಕೊಳ್ಳುತ್ತಾರೆ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಆಳಿಗಿಂತ ಎತ್ತರದಿಂದ ಬೀಳುವ ಎಲುಬಿಗೆ ಆ ಮಾತುಕತೆಯ ಸುದ್ದಿ ಯಾರೂ ಮುಟ್ಟಿಸಿರುವುದಿಲ್ಲ. ಹೀಗೆ ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವ ಶಾಣ್ಯಾರನ್ನು ಒಂದು ಸಲ ಆ ಕಂಬದ ಮೇಲೆ ಹತ್ತಿಸಿ ನಿಲ್ಲಿಸಬೇಕು. ಸುಳ್ಳು ಯಾವುದು, ಖರೆ ಯಾವುದು ಮೊಳಕಾಲೇ ಹೇಳುತ್ತದೆ.

ಪ್ರತಾಪ ಸಣ್ಣವನಿದ್ದಾಗ ದ್ರಾಕ್ಷಿ ತೋಟದ ಕಲ್ಲುಕಂಬ ಹತ್ತಿ ಜೋಳದ ಕಣಿಕೆಯ ಬಣವೆಯ ಮೇಲೆ ಜಿಗಿಯುತ್ತಿದ್ದ. ಅವನ ಅಪ್ಪ ಪರಸಪ್ಪನಿಗೆ ಮಣ್ಣಿನ ಕುಸ್ತಿಯ ಹುಚ್ಚು. ಮಗ ಪೈಲ್ವಾನನಾಗಲಿ ಎಂದು ವಿಜಯಪುರದ ಗರಡಿಗೆ ಕಳಿಸಿದರೆ, ಮಗ ಅಲ್ಲಿ ಬಂದೇನವಾಜನ ಸ್ನೇಹ ಮಾಡಿ, ಅವನನ್ನೂ ಎಳೆದುಕೊಂಡು ಪಂಜಾಬಿನ ರೈಲು ಹತ್ತಿದ. ಅಲ್ಲಿ ರಿಂಗಿನ ಕುಸ್ತಿ ಕಲಿಸುವ ಶಾಲೆಯೊಂದರಲ್ಲಿ ಇಬ್ಬರೂ ಮೈ ಮುರಿದುಕೊಂಡು ಕಲಿತರು. ‘ಮುಗಿಲು-ನೆಲ ಜೋಡಿ’ ಎಂದು ಹೆಸರಿಟ್ಟುಕೊಂಡರು. ಇಂದೂರು, ನಾಗಪುರ, ಪಟ್ನಾ, ಕಾಠ್ಮಂಡು, ಕೊನೆಗೆ ದುಬೈಯವರೆಗೂ ಹೋಗಿ ಜೋಡಿ ಕುಸ್ತಿಯ ಪಟ್ಟ ಸೊಂಟಕ್ಕೆ ಕಟ್ಟಿಕೊಂಡು ಬಂದರು. ಮೊಬೈಲಿನಲ್ಲಿ ಪ್ರತಾಪನ ಜಿಗಿತ ನೋಡಿದವರು ಲಕ್ಷಗಟ್ಟಲೆ. ಪರಸಪ್ಪ ಮಾತ್ರ ಒಮ್ಮೆಯೂ ನೋಡಲಿಲ್ಲ. ‘ಮಗ ಸರ್ಕಸ್ ಸೇರ್ಯಾನ’ ಎಂದು ಕೇಳಿದವರಿಗೆಲ್ಲ ಹೇಳಿದ.

ಜೋಡಿ ಕುಸ್ತಿಗೆ ಒಂದು ನಿಯಮವಿದೆ. ಎರಡೂ ಕಡೆ ಇಬ್ಬಿಬ್ಬರು. ಒಬ್ಬ ಒಳಗೆ ಆಡುವಾಗ ಇನ್ನೊಬ್ಬ ಹಗ್ಗದ ಆಚೆ, ತಮ್ಮ ಮೂಲೆಯಲ್ಲಿ ಕೈ ಚಾಚಿ ನಿಂತಿರಬೇಕು. ಒಳಗಿನವನು ಬಂದು ಆ ಕೈ ತಟ್ಟಿದರೆ ಮಾತ್ರ ಹೊರಗಿನವನು ಒಳಗೆ ಬರಬಹುದು. ಒಳಗಿನವನು ಪೆಟ್ಟು ತಿಂದು, ತೆವಳಿಕೊಂಡು ಬಂದು, ಇನ್ನೇನು ಕೈ ಮುಟ್ಟಿತು ಅನ್ನುವಷ್ಟರಲ್ಲಿ ಎದುರಾಳಿ ಕಾಲು ಹಿಡಿದು ಎಳೆದಾಗ ಜನ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ತೆವಳುವವನು ಯಾವಾಗಲೂ ಬಂದೇನವಾಜ, ಕೈ ಚಾಚಿ ನಿಂತವನು ಯಾವಾಗಲೂ ಪ್ರತಾಪ.

ಇನ್ನೊಂದು ಪದ್ಧತಿ ಇತ್ತು, ಅದು ಅವರಿಬ್ಬರದೇ. ಜಿಗಿದು ಬಿದ್ದ ಮೇಲೆ, ಆ ಗದ್ದಲದಲ್ಲಿ, ಬಂದೇನವಾಜ ಪ್ರತಾಪನ ಮಣಿಕಟ್ಟು ಹಿಚುಕುತ್ತಿದ್ದ. ಪ್ರತಾಪ ತಿರುಗಿ ಹಿಚುಕಿದರೆ ಎಲ್ಲ ನೆಟ್ಟಗಿದೆ ಎಂದು ಅರ್ಥ. ಬಂದೇನವಾಜನ ಉಸಿರು ಆಮೇಲೆಯೇ ಕೆಳಗಿಳಿಯುತ್ತಿತ್ತು.

ಹೋದ ವರ್ಷ ನಾಗಪುರದಲ್ಲಿ ಆ ಹಿಚುಕು ತಡವಾಗಿ ಬಂತು, ಬಂದದ್ದೂ ಸತ್ತ ಹಿಚುಕು. ‘ಏನಲೇ?’ ಎಂದು ಕೇಳಿದರೆ ಪ್ರತಾಪ ನಕ್ಕ. ಮುಂದೆ ಬಬಲೇಶ್ವರದ ಖಾಲಿ ಗೋದಾಮಿನಲ್ಲಿ ತಾಲೀಮು ನಡೆದಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರದಿದ್ದುದನ್ನು ಬಂದೇನವಾಜ ಕಣ್ಣಾರೆ ಕಂಡ. ಕೈ ಹಿಡಿದು ಸೊಲ್ಲಾಪುರದ ಡಾಕ್ಟರ ಹತ್ತಿರ ಎಳೆದೊಯ್ದ. ಕುತ್ತಿಗೆಯ ಎಲುಬು ಸರಿದು ನರದ ಮೇಲೆ ಕೂತಿದೆ, ಇನ್ನೊಂದು ಕೆಟ್ಟ ಪೆಟ್ಟು ಬಿದ್ದರೆ ಕುತ್ತಿಗೆಯ ಕೆಳಗೆ ಏನೂ ಉಳಿಯುವುದಿಲ್ಲ ಎಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಪ್ರತಾಪ ಬಾಯಿ ಬಿಟ್ಟ.

‘ಒಂದs ಒಂದು ಮ್ಯಾಚ್ ಐತಿ ಬಂದೂ. ವಿಜಾಪುರದಾಗ, ನಮ್ಮ ಮಂದಿ ಮುಂದ. ಅಪ್ಪ ಬರ್ತೀನಿ ಅಂದಾನ. ಅದೊಂದು ಜಿಗಿದು ಬಿಟ್ಟಬಿಡ್ತೀನಿ.’

‘ಡಾಕ್ಟರ್ ಹೇಳಿದ್ದು ಕಿವಿಗೆ ಬಿತ್ತಿಲ್ಲೋ?’

‘ನೀ ಹಿಡೀತಿಯಲ್ಲ? ಇಷ್ಟ ವರ್ಷ ಹಿಡದವ ಇನ್ನೊಂದ್ಸಲ ಹಿಡಿ. ಆಮ್ರಪಾಲಿಗಿ ಹೇಳಬ್ಯಾಡ, ನನ್ನಾಣಿ.’

ಬಂದೇನವಾಜ ಆಣೆಗೆ ತಲೆಯಾಡಿಸಿದ. ಮತ್ತೇನು ಮಾಡುತ್ತಿದ್ದ? ಅಪ್ಪ ನೋಡಲಿ ಎಂದು ಬಣವೆಯ ಮೇಲೆ ಜಿಗಿಯುತ್ತಿದ್ದ ಹುಡುಗನೇ ಇನ್ನೂ ಪ್ರತಾಪನೊಳಗೆ ಕೂತಿದ್ದನ್ನು ಅವನು ಬಲ್ಲವನು.

ಆದರೆ ಆಮ್ರಪಾಲಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪ್ರತಾಪನ ಹೆಂಡತಿ ಅವಳು, ತಿಕೋಟಾದ ದವಾಖಾನೆಯಲ್ಲಿ ನರ್ಸು. ಗಂಡನ ಕೈಯಿಂದ ಎರಡು ಸಲ ಚಹಾದ ಕಪ್ಪು ಜಾರಿದ್ದನ್ನು ನೋಡಿಯೂ ಸುಮ್ಮನಿದ್ದವಳು. ಮ್ಯಾಚಿಗೆ ನಾಲ್ಕಾರು ದಿನ ಇದ್ದಾಗ ಬಂದೇನವಾಜನನ್ನು ತಿಕೋಟಾ ಬಸ್ ಸ್ಟ್ಯಾಂಡಿಗೆ ಕರೆಸಿಕೊಂಡಳು.

‘ಅಣ್ಣಾ, ನೀವು ಏನೂ ಹೇಳೂದು ಬ್ಯಾಡ್ರಿ. ನಾ ದಿನಾ ಇಂಥವರನ್ನ ನೋಡ್ತೀನಿ. ಅವರಿಗಿ ಜಿಗ್ಯಾಕ ಬಿಡಬ್ಯಾಡ್ರಿ, ಅಷ್ಟs.’

‘ನೀನs ಒಂದ ಮಾತ ಹೇಳಿ ನೋಡು ತಂಗಿ.’

‘ನಮ್ಮತ್ತಿ ಹೇಳಿದ್ರಲ್ಲ, ಏನಾತು? ಜಿಗಿಯೂದ ಬಿಡಪಾ ಅಂದಿದ್ದಕ್ಕ ಹಡದವ್ವನ ಜೋಡಿ ಸಾಯೂತನಾ ಮಾತಾಡಲಿಲ್ಲ. ಆಕಿ ಕೈಯಾಗಿನ ಒಂದ ತುತ್ತ ಮುಟ್ಟಲಿಲ್ಲ. ನನ್ನ ಹೆಸರ ಎತ್ತಬ್ಯಾಡ್ರಿ. ಹೆಂಗರೇ ಮಾಡಿ ತಡೀರಿ.’

ಅದು ನಿಜ. ಪ್ರತಾಪನ ತಾಯಿ ರೇಣವ್ವ ಸಾಯುವಾಗಲೂ ಮಗನ ದಾರಿ ನೋಡಿದಳು. ಪ್ರತಾಪನಿಗೆ ಜಿಗಿಯಬೇಡ ಎಂದವರು ಅಲ್ಲಿಗೆ ಮುಗಿದ ಹಾಗೆ. ಬಂದೇನವಾಜ ‘ಜಿಗ್ಯಾಕ ಬಿಡೂದಿಲ್ಲ, ಹೋಗು’ ಎಂದು ಅವಳಿಗೂ ಮಾತು ಕೊಟ್ಟ.

ಕೊಟ್ಟ ಮೇಲೆ ತಲೆಯೊಳಗೆ ಭೂತ ಹೊಕ್ಕಿತು. ಮ್ಯಾಚ್ ಮಾಡಿಸುತ್ತಿದ್ದ ಅಮೋಲನಿಗೆ ಹೇಳಿದರೆ ಅವನು ಮೈಕಿನಲ್ಲೇ ಸಾರಿಬಿಡುವ ಪೈಕಿ. ಪ್ರತಾಪನ ಮಾನ ಅಪ್ಪನ ಮುಂದೆಯೇ ಹರಾಜು. ತಾನೇ ಹಿಡಿಯುವುದಿಲ್ಲ ಎಂದರೆ ಪ್ರತಾಪ ಇನ್ನೊಬ್ಬನನ್ನು ಹುಡುಕುತ್ತಾನೆ, ಆ ಇನ್ನೊಬ್ಬನಿಗೆ ಆ ಕುತ್ತಿಗೆಯ ಕಥೆ ಗೊತ್ತಿರುವುದಿಲ್ಲ. ಹೀಗೆ ಹೊರಳಾಡಿ ಹೊರಳಾಡಿ ಬಂದೇನವಾಜನಿಗೆ ಒಂದು ದಾರಿ ಹೊಳೆಯಿತು. ಕೈ ತಟ್ಟದಿದ್ದರೆ? ತಟ್ಟದೆ ಹೊರಗಿನವನು ಒಳಗೆ ಬರುವ ಹಾಗಿಲ್ಲ. ತಾನೇ ಸೋತು ಮಲಗಿದರೆ ಮ್ಯಾಚ್ ಮುಗಿಯಿತು. ಬೈಗುಳವೆಲ್ಲ ತನಗೆ, ಪ್ರತಾಪನ ಕುತ್ತಿಗೆ ಪ್ರತಾಪನಿಗೆ.

ಎಂಥ ದಡ್ಡತನ! ಆ ಹಗ್ಗದೊಳಗೆ ಪೆಟ್ಟು ಮಾತಾಡಿಕೊಂಡದ್ದು, ಸೋಲು ಮಾತಾಡಿಕೊಂಡದ್ದು, ಜಗಳ ಮಾತಾಡಿಕೊಂಡದ್ದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಆ ನಿಯಮವೊಂದನ್ನು ಮಾತ್ರ ಖರೆ ಎಂದು ನಂಬಿದ. ಹಗಲೂ ರಾತ್ರಿ ಅದರೊಳಗೇ ಬದುಕಿದವರು ಮಾತ್ರ ಹೀಗೆ ನಂಬಿ ಕೆಡುತ್ತಾರೆ.

ಮ್ಯಾಚಿನ ದಿನ ರವಿವಾರ, ಬಿಸಿಲು ಇಳಿಯುವ ಹೊತ್ತು. ವಿಜಯಪುರದ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊನವಾಡದಿಂದ, ಸಾರವಾಡದಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಪರಸಪ್ಪ ತಲೆಗೆ ಬಿಳಿ ಪಟಗ ಸುತ್ತಿಕೊಂಡು, ಕೈ ಕಟ್ಟಿ ಬಿಗುವಾಗಿ ಕೂತಿದ್ದ. ಅವನ ಪಕ್ಕದಲ್ಲಿ ಆಮ್ರಪಾಲಿ. ಅವಳ ಕಣ್ಣು ಗಂಡನ ಮೇಲೆ ಇರಲಿಲ್ಲ, ಬಂದೇನವಾಜನ ಮೇಲೆ ಇತ್ತು.

ಎದುರಾಳಿಗಳು ಹರಿಯಾಣದ ಇಬ್ಬರು, ಕೆಲಸ ಬಲ್ಲವರು. ಮಾತಾಗಿದ್ದು ಹೀಗೆ: ಬಂದೇನವಾಜ ಹೊಡೆತ ತಿಂದು ತೆವಳಿ ಬಂದು ಕೈ ತಟ್ಟಬೇಕು, ಅವರಿಬ್ಬರೂ ಅವನನ್ನು ರಿಂಗಿನ ಹೊರಗೆ ಎಸೆದು ತಾವೂ ಇಳಿಯಬೇಕು, ಆಗ ಪ್ರತಾಪ ಕಂಬದ ತುದಿಯಿಂದ ಮೂವರ ಮೇಲೂ ಹಾರಬೇಕು. ಮೂರು ಜನ ಸೇರಿ ಹಿಡಿಯುವುದು, ಕುತ್ತಿಗೆಯ ಜವಾಬ್ದಾರಿ ಬಂದೇನವಾಜನದು.

ಬಂದೇನವಾಜ ಹೊಡೆತ ತಿಂದ. ತೆವಳಿದ. ಮೂಲೆಯಲ್ಲಿ ಪ್ರತಾಪ ಹಗ್ಗದ ಮೇಲೆ ಬಗ್ಗಿ ಕೈ ಚಾಚಿದ್ದ. ಜನ ಲಯ ಹಿಡಿದು ಚಪ್ಪಾಳೆ ಹೊಡೆಯುತ್ತಿದ್ದರು. ಕೈಗೂ ಕೈಗೂ ಗೇಣಿನ ಅಂತರ ಉಳಿದಾಗ ಬಂದೇನವಾಜ ನಿಂತ. ಪ್ರತಾಪನ ಮುಖ ನೋಡಿದ. ಆಮೇಲೆ ತನ್ನ ಕೈಯನ್ನು ಎದೆಗೆ ಎಳೆದುಕೊಂಡು, ಹೊರಳಿ, ರಿಂಗಿನ ನಡುವಿಗೆ ತೆವಳತೊಡಗಿದ.

ಚಪ್ಪಾಳೆ ನಿಂತಿತು. ಯಾರೋ ಸೀಟಿ ಹೊಡೆದರು, ಯಾರೋ ನಕ್ಕರು.

‘ಬಂದೂ! ಏನ್ ಮಾಡಾಕತ್ತಿ? ಕೈ ತಟ್ಟಲೇ!’ ಪ್ರತಾಪನ ಕೂಗಿನಲ್ಲಿ ನಾಟಕವಿರಲಿಲ್ಲ.

ಹರಿಯಾಣದವನು ಹತ್ತಿರ ಬಂದು ಕುತ್ತಿಗೆಗೆ ತೋಳು ಸುತ್ತುವ ನೆಪದಲ್ಲಿ ಏನಾಯಿತೆಂದು ಹಿಂದಿಯಲ್ಲಿ ಪಿಸುಗುಟ್ಟಿದ. ‘ನನ್ನನ್ನೇ ಕೆಡವು, ಮ್ಯಾಚ್ ಮುಗಿಸು’ ಎಂದ ಬಂದೇನವಾಜ. ಅವನು ಗಲಿಬಿಲಿಗೊಂಡರೂ ಹೇಳಿದಂತೆ ಮಾಡಿದ. ಎತ್ತಿ ಒಗೆದು, ಎದೆಯ ಮೇಲೆ ಅಡ್ಡ ಬಿದ್ದು ಎರಡೂ ತೋಳು ಒತ್ತಿ ಹಿಡಿದ. ರೆಫರಿ ಮಂಡಿಯೂರಿ ನೆಲ ಬಡಿದ: ಒಂದು. ಮೂರು ಬಡಿದರೆ ಸೋಲು, ಇನ್ನೆರಡು ಬಡಿತ ಬಿದ್ದಿದ್ದರೆ ಸಾಕಿತ್ತು.

ಬಂದೇನವಾಜನಿಗೆ ಮೇಲೆ ಆಕಾಶ ಕಾಣುತ್ತಿತ್ತು. ಅದರೊಳಗೆ ಪ್ರತಾಪ ಬಂದ. ತಟ್ಟಿಸಿಕೊಳ್ಳದೆ, ಯಾರನ್ನೂ ಕೇಳದೆ ಕಂಬದ ತುದಿಗೆ ಹತ್ತಿ ನಿಂತಿದ್ದ. ಗೆಳೆಯ ಸೋಲುತ್ತಿದ್ದಾನೆ, ಅಪ್ಪ ನೋಡುತ್ತಿದ್ದಾನೆ, ಇನ್ನು ಯಾವ ನಿಯಮ, ಯಾರ ನಿಯಮ? ‘ಬ್ಯಾಡೋ!’ ಎಂದು ಬಂದೇನವಾಜ ಚೀರಿದ. ಎದೆಯ ಮೇಲಿದ್ದವನಿಗೆ ಹಿಂದೆ ಏನಾಗುತ್ತಿದೆ ಗೊತ್ತಿಲ್ಲ, ಅವನ ಜೊತೆಗಾರ ಜನರ ಕಡೆ ಮುಖ ಮಾಡಿ ತೋಳು ಏರಿಸುತ್ತಿದ್ದ. ಪ್ರತಾಪ ಜಿಗಿದ. ಜನ್ಮದಲ್ಲಿ ಅಷ್ಟು ಎತ್ತರ ಅವನು ಜಿಗಿದಿರಲಿಲ್ಲ. ಬಂದೇನವಾಜ ಹೆಣಗಿ ಹೆಣಗಿ ಒಂದು ಕೈ ಬಿಡಿಸಿಕೊಂಡ. ಒಂದು ಕೈಯಲ್ಲಿ ಕುತ್ತಿಗೆ ಹಿಡಿಯಲು ಆಗುವುದಿಲ್ಲ.

ಗದ್ದಲ ಮುಗಿಲು ಮುಟ್ಟಿತು. ಬಂದೇನವಾಜ ಪಕ್ಕದಲ್ಲಿ ಬಿದ್ದಿದ್ದ ಮಣಿಕಟ್ಟನ್ನು ತಡಕಿ ಹಿಚುಕಿದ. ಕಾಯ್ದ. ಮತ್ತೆ ಹಿಚುಕಿದ. ‘ಪ್ರತಾಪ್ಯಾ, ಒತ್ತಲೇ. ಒಮ್ಮೆ ಒತ್ತು’ ಎಂದು ಗೋಗರೆದ. ಪ್ರತಾಪನ ಕಣ್ಣುಗಳು ತೆರೆದೇ ಇದ್ದವು, ಕೈ ಮಾತ್ರ ಬೇರೆ ಯಾರದೋ ಆಗಿತ್ತು. ಜನರಿಗೆ ಇದೂ ಆಟದೊಳಗಿನದೇ. ಮುಂದಿನ ಸಾಲಿನಲ್ಲಿ ಪರಸಪ್ಪ ಎದ್ದು ನಿಂತು, ಪಟಗ ಬಿಚ್ಚಿ ತಲೆಯ ಮೇಲೆ ತಿರುಗಿಸುತ್ತ, ‘ಭಲೇ ನನ್ನ ಮಗನs!’ ಎಂದು ಕೂಗುತ್ತಿದ್ದ. ಆಮ್ರಪಾಲಿ ಒಬ್ಬಳೇ ರಿಂಗಿನ ಕಡೆ ಓಡಿ ಬರುತ್ತಿದ್ದಳು.

ಈಗ ಪ್ರತಾಪ ಹೊನವಾಡದ ಮನೆಯ ಪಡಸಾಲೆಯಲ್ಲಿ ಮಲಗಿದ್ದಾನೆ. ಮಾತು ಬರುತ್ತದೆ, ಊಟ ಇಳಿಯುತ್ತದೆ, ಕುತ್ತಿಗೆಯ ಕೆಳಗೆ ಏನೂ ಇಲ್ಲ. ಹೊರಳಿಸುವುದು, ತೊಳೆಯುವುದು, ಉಣಿಸುವುದು ಎಲ್ಲ ಆಮ್ರಪಾಲಿ. ಬೇರೆ ಯಾರ ಕೈಯನ್ನೂ ಅವನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪರಸಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಾನೆ, ಒಳಗೆ ಬರುವುದಿಲ್ಲ. ಬಂದೇನವಾಜ ರವಿವಾರಕ್ಕೊಮ್ಮೆ ಬಸ್ಸು ಹಿಡಿದು ಬಂದು ಮಂಚದ ಪಕ್ಕ ಕೂತು ಹೋಗುತ್ತಿದ್ದ. ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಒಂದು ರವಿವಾರ ಪ್ರತಾಪ ಎತ್ತಿದ.

‘ಬಂದೂ, ಒಂದs ಮಾತ ಕೇಳ್ತೀನಿ. ಕೈ ಯಾಕ ತಟ್ಟಲಿಲ್ಲ? ಯಾರರೇ ಹೇಳಿದ್ರೇನ ನಿನಗ?’

ಆಮ್ರಪಾಲಿ ಗಂಜಿ ಉಣಿಸುತ್ತಿದ್ದಳು. ಚಮಚ ಗಾಳಿಯಲ್ಲೇ ನಿಂತಿತು. ಬಂದೇನವಾಜ ಆ ಚಮಚ ಹಿಡಿದ ಬೆರಳುಗಳನ್ನು ನೋಡಿದ. ರೇಣವ್ವ ನೆನಪಾದಳು.

‘ಯಾರ ಹೇಳ್ತಾರ ನನಗ?’ ಎಂದ. ‘ಎಷ್ಟ ವರ್ಷ ನಿನ್ನ ಹೆಸರs ಕೇಳಬೇಕ ನಾನು? ಬ್ಯಾನರ ತುಂಬ ನೀನು, ಜನರ ಬಾಯಾಗ ನೀನು. ನಮ್ಮೂರಾಗರೇ ಒಂದ ದಿನ ಮಂದಿ ನನ್ನ ನೋಡಲಿ ಅಂತ ಮಾಡಿದ್ನಿ.’

ಇಷ್ಟು ವರ್ಷ ನೂರಾರು ಊರಲ್ಲಿ ಸುಳ್ಳು ಹೊಡೆತಕ್ಕೆ ಸುಳ್ಳು ನೋವು ಕೂಗಿದವನಿಗೆ ಈ ಸುಳ್ಳು ಸಲೀಸಾಗಿ ಬಂತು. ಪ್ರತಾಪ ನಂಬಿದ. ಮರು ಪ್ರಶ್ನೆ ಕೂಡ ಕೇಳಲಿಲ್ಲ. ಇಷ್ಟು ಬೇಗ ಹೇಗೆ ನಂಬಿದ?

‘ಹೋಗು,’ ಎಂದ ಪ್ರತಾಪ, ಮುಖವನ್ನು ಗೋಡೆಯ ಕಡೆ ತಿರುಗಿಸಿ. ‘ಈ ಹೊಸ್ತಿಲಾ ಇನ್ನೊಮ್ಮಿ ತುಳೀಬ್ಯಾಡ.’

ಆಮ್ರಪಾಲಿ ಬಾಯಿ ತೆರೆದಳು. ಬಂದೇನವಾಜ ಬೇಡವೆಂದು ಕಣ್ಣಿನಲ್ಲೇ ತಡೆದ. ಏಳುವ ಮುಂಚೆ ಹಾಸಿಗೆಯ ಮೇಲಿದ್ದ ಮಣಿಕಟ್ಟನ್ನು ಒಮ್ಮೆ ಹಿಚುಕಿದ. ಪ್ರತಾಪನಿಗೆ ಅದು ಗೊತ್ತಾಗಲಿಲ್ಲ.

ಅವನು ಅಂಗಳ ದಾಟುವಾಗ ಅವಳು ಬಟ್ಟಲು ಕೈಯಲ್ಲಿ ಹಿಡಿದೇ ಹಿಂದೆ ಬಂದಳು. ‘ಸುಳ್ಳ ಯಾಕ ಹೇಳಿದ್ರಿ ಅಣ್ಣಾ? ತಪ್ಪ ನಂದು. ನಾ ಹೋಗಿ ಹೇಳ್ತೀನಿ.’

‘ಹೇಳಿದ್ರ ಅಂವ ನಾಳಿಂದ ನಿನ್ನ ಕೈಯಾಗ ಉಣ್ಣೂದಿಲ್ಲ ತಂಗಿ. ಉಣ್ಣದಿದ್ರ ಸಾಯ್ತಾನ. ನಾ ಇಲ್ಲದಿದ್ರ ಸಾಯೂದಿಲ್ಲ.’

ಒಳಗಿನಿಂದ ಪ್ರತಾಪನ ಧ್ವನಿ ಬಂತು. ‘ಆಮ್ರಪಾಲೀ, ಎಲ್ಲಿ ಹ್ವಾದಿ? ಗಂಜಿ ಆರಾಕತ್ತೈತಿ.’

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಬಂದೇನವಾಜ ಅಂಗಳದಲ್ಲೇ ನಿಂತ. ಬಟ್ಟಲಿಗೆ ಚಮಚ ತಾಗಿದ ಸದ್ದು ಕೇಳಿಸಿದ ಮೇಲೆ ಬಸ್ಸಿನ ದಾರಿ ಹಿಡಿದ.