ಹನುಮಪ್ಪನ ಮಣ್ಣು

ಹರಾಜಿನಲ್ಲಿ ಕೊಂಡ ಹಳೆಯ ಬಸ್ಸೊಂದನ್ನು ನಮ್ಮವರು ಶಿರಾಳಕೊಪ್ಪದ ನಮ್ಮ ಅಕ್ಕಿ ಗಿರಣಿಯ ಅಂಗಳಕ್ಕೆ ತಂದು ನಿಲ್ಲಿಸಿದಾಗ, ಅದು ಹೊಟ್ಟು ಸಾಗಿಸುವುದಕ್ಕೆಂದು ನಾನು ತಿಳಿದಿದ್ದೆ. ಅವರು ಸೀಟುಗಳನ್ನೆಲ್ಲ ಕೀಳಿಸಿದರು. ಬಡಗಿಯನ್ನು ಕರೆಸಿ ಎರಡು ಕಡೆ ಹಲಗೆಯ ಮಂಚ, ನಡುವೆ ಸ್ಟೋ ಇಡಲು ಕಟ್ಟೆ, ಹಿಂದೆ ನೀರಿನ ಡ್ರಮ್ಮು, ಅತ್ತೆಯವರ ಪೂಜೆಗೆ ಒಂದು ಗೂಡು ಮಾಡಿಸಿದರು. ಊರವರು ಅದಕ್ಕೆ ಮನಿಮೋಟಾರು ಎಂದು ಹೆಸರಿಟ್ಟರು. ೧೯೫೮ರ ಯುಗಾದಿ ಕಳೆದ ವಾರ ಅದರಲ್ಲಿ ನಾವು ನಾಲ್ವರು, ಎಂದರೆ ನಮ್ಮವರಾದ ಶಾಂತವೀರಪ್ಪನವರು, ಅತ್ತೆ ರಾಜೇಶ್ವರಮ್ಮ, ಆರು ವರ್ಷದ ಮಗಳು ನೀಲಾಂಬಿಕೆ ಮತ್ತು ನಾನು, ಸೊರಬದಾಚೆಯ ಕೋಣನಗುಡ್ಡದ ಕೆರೆಗೆ ಹೊರಟೆವು.

ನನಗೆ ಇಷ್ಟವಿರಲಿಲ್ಲ. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಹತ್ತಿರದ ಜನಕ್ಕೆ ವಿಪರೀತ ಜ್ವರ ಬರುತ್ತಿದೆ, ದನದ ಮೈಗೆ ಕಚ್ಚಿಕೊಳ್ಳುವಂಥ ಉಣುಗು ಹುಳದಿಂದ ಅದು ಹರಡುತ್ತದೆಂದು ಡಾಕ್ಟರುಗಳಿಗೆ ಅನುಮಾನ ಎಂದು ಪತ್ರಿಕೆಯಲ್ಲಿ ಓದಿದ್ದೆ. ಆ ಹಾಳೆಯನ್ನು ನಮ್ಮವರ ಊಟದ ತಟ್ಟೆಯ ಪಕ್ಕದಲ್ಲಿಟ್ಟೆ.

"ಕ್ಯಾಸನೂರು ಎಲ್ಲೈತಿ, ಕೋಣನಗುಡ್ಡ ಎಲ್ಲೈತಿ" ಎಂದರು.

"ಹತ್ತು ಮೈಲಿಯೂ ಇಲ್ಲ ರೀ."

"ಮಂಗ್ಯಾ ಏನು ಬಸ್ ಹತ್ತಿ ಬರ್ತಾವೇನೆ?"

ಅತ್ತೆ ಹಿಂದಿನಿಂದ ಹೇಳಿದರು: "ಇಕಿನ್ನ ಮೈಸೂರಾಗ ಬಿ.ಎ. ಓದಿಸಿದ್ರಲ್ಲಪ್ಪ, ಅಲ್ಲಿ ಅಂಜೂದನ್ನೂ ಒಂದು ಪಾಠ ಮಾಡ್ಯಾರ."

ಮಧ್ಯಾಹ್ನ ದಾಟಿದ ಮೇಲೆ ಗುಡ್ಡ ಹತ್ತಿದೆವು. ಮೋಟಾರು ಎರಡು ಕಡೆ ಕುದಿದು ನಿಂತಿತು. ನೀರು ಹುಯ್ದು, ಹ್ಯಾಂಡ್ಲು ತಿರುಗಿಸಿ ಮತ್ತೆ ಎಬ್ಬಿಸಿದರು. ಕೆರೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮೂರು ಕಡೆ ಕಾಡು, ಅಲುಗದ ನೀರು. ಆದರೆ ಅಷ್ಟು ಮರಗಳಿದ್ದೂ ಒಂದು ಮಂಗವೂ ಕಾಣಲಿಲ್ಲ. ನಾನು ತಲೆಯೆತ್ತಿ ಒಂದೊಂದೇ ಕೊಂಬೆ ನೋಡುತ್ತ ನಿಂತೆ.

ದಂಡೆಯಲ್ಲಿ ಒಬ್ಬ ಹೆಂಗಸು ಒಣಗಿದೆಲೆ ಗುಡಿಸಿ ಕುಕ್ಕೆಗೆ ತುಂಬುತ್ತಿದ್ದಳು. ಹೆಸರು ದ್ಯಾಮಮ್ಮ ಎಂದಳು. ಮೋಟಾರನ್ನು ಒಂದು ಸುತ್ತು ನೋಡಿ, "ಇದ್ರೊಳಗೇ ಒಲೆನಾ? ಇದ್ರೊಳಗೇ ಹಾಸಿಗೇನಾ? ನಿಮ್ಮನೇರು ಮನೆ ಹೊತ್ಕೊಂಡು ತಿರುಗ್ತಾರಲ್ಲ ಮಾರಾಯ್ತಿ, ಬಸವನಹುಳದಂಗೆ" ಎಂದು ನಕ್ಕಳು. ಆಮೇಲೆ ನೀಲುವನ್ನು ಕಂಡು ನಗು ನಿಲ್ಲಿಸಿದಳು.

"ಮಗೀನ ಕರ್ಕೊಂಡು ಇಲ್ಲುಳೀಬ್ಯಾಡಿ ಅಮ್ಮಾ. ಹೋದ ವರ್ಷ ನಮ್ ಕೇರೀಲಿ ಒಂದು ಮಂಗ ಸತ್ತಿತ್ತು. ದೇವರಲ್ವಾ ಅಂತ ನಾಕು ಜನ ಎತ್ತಿ ಮಣ್ಣು ಮಾಡಿದ್ರು. ವಾರದೊಳಗೆ ಮೂರು ಜನ ಮಲಗಿದ್ರು. ನಮ್ಮ ಭಾವ ಏಳಲೇ ಇಲ್ಲ."

"ನೀನ್ಯಾಕೆ ಬರ್ತೀಯ ಹಾಗಾದರೆ?"

"ನಂಗೆ ಗೊಬ್ಬರಕ್ಕೆ ಈ ದರಗು ಬೇಕಲ್ಲ. ನಿಮಗೇನು ಬೇಕಿತ್ತು?"

ಅವಳು ಹೇಳಿದ್ದನ್ನೆಲ್ಲ ನಮ್ಮವರಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ; ಆದರೆ ಬ್ರೇಕು ಅಷ್ಟಕ್ಕಷ್ಟೆ, ಸಂಜೆ ಮಬ್ಬಿನಲ್ಲಿ ಆ ಇಳಿಜಾರು ಇಳಿಯಲಾಗದು, ಬೆಳಿಗ್ಗೆ ಎದ್ದ ಕೂಡಲೆ ಹೊರಡೋಣ ಎಂದರು. ನೀಲುವನ್ನು ಗೋಡೆಯ ಬದಿಗೆ ಮಲಗಿಸಿಕೊಂಡು ನಾನು ನಿದ್ದೆಯಿಲ್ಲದೆ ಬೆಳಗು ಮಾಡಿದೆ.

ಬೆಳಿಗ್ಗೆ ಹಾಸಿಗೆ ಸುತ್ತುತ್ತಿದ್ದಾಗ ಅತ್ತೆಯ ಕೂಗು ಕೇಳಿಸಿತು. ಅವರು ಕೆರೆಯಲ್ಲಿ ಮಿಂದು, ದಂಡೆಯ ಕಲ್ಲಿನ ಮೇಲೆ ಕೂತು ಲಿಂಗಪೂಜೆ ಮುಗಿಸಿದ್ದರು. ಹತ್ತು ಮಾರು ದೂರದಲ್ಲಿ, ಮತ್ತಿ ಮರದ ಬುಡದಲ್ಲಿ, ಒಂದು ಮಂಗ ಮಂಡಿಯ ನಡುವೆ ತಲೆ ಇಟ್ಟು ಕೂತಿತ್ತು. ನಾನು ನೋಡುತ್ತಿರುವಂತೆಯೇ ಅದು ಪಕ್ಕಕ್ಕೆ ವಾಲಿ ಬಿತ್ತು.

"ನನ್ನ ಪೂಜಿ ಮುಗಿಯೋತನಕ ಕಾದಾನ ನೋಡೋ ಶಾಂತೂ" ಎಂದು ಅತ್ತೆ ಕೈಮುಗಿದರು. "ಹನುಮಪ್ಪ ನಮ್ಮ ಕಣ್ಮುಂದ ಪ್ರಾಣ ಬಿಟ್ಟಾನ. ಹಂಗ ಬಿಟ್ಟು ಹೋದ್ರ ಮನಿತನಕ್ಕ ಒಳ್ಳೇದಲ್ಲ. ಗುದ್ದಲಿ ತಗಿ. ನೀಲೂನ ಕರಿ, ಹೆಣ್ಣುಮಗು ಕೈಲಿ ಮೂರು ಹಿಡಿ ಮಣ್ಣು ಹಾಕಿಸಬೇಕು."

"ಅತ್ತೆ, ದ್ಯಾಮಮ್ಮ ಹೇಳಿದ್ದು..."

"ದರಗು ಗುಡಿಸೋಳ ಮಾತು ಕೇಳಿ ದೇವರನ್ನ ನಾಯಿ ಪಾಲು ಮಾಡ್ಲೇನು?"

ನಮ್ಮವರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಗುದ್ದಲಿ ತೆಗೆದುಕೊಂಡರು. ತಾಯಿಯ ಮಾತನ್ನು ಅವರು ಎಂದೂ ಮೀರಿದವರಲ್ಲ. ನೀಲು ಆಗಲೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ನಾನು ಅವಳನ್ನು ಒಳಕ್ಕೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದೆ. ಅವಳು ಕಿಟಕಿಯ ಸರಳು ಹಿಡಿದು ಅಳತೊಡಗಿದಳು.

"ಮಣ್ಣು ಆಗಲೇಬೇಕಾದರೆ ನಾನು ಮಾಡ್ತೀನಿ" ಎಂದೆ. "ನೀಲು ಕೆಳಗಿಳಿಯೋದಿಲ್ಲ. ನೀವಿಬ್ಬರೂ ಮೋಟಾರಿನ ಹತ್ತಿರವೇ ನಿಲ್ಲಬೇಕು."

ನಮ್ಮವರ ಕೈಯಿಂದ ಗುದ್ದಲಿ ಕಿತ್ತುಕೊಂಡೆ. ಸ್ಟೋವಿನ ಸೀಮೆಎಣ್ಣೆಯನ್ನು ಮೊಣಕಾಲಿನವರೆಗೆ, ಮೊಣಕೈಯವರೆಗೆ ಸುರಿದು ಉಜ್ಜಿಕೊಂಡೆ. ಅದರಿಂದ ಉಪಯೋಗವಿದೆಯೆಂದು ಯಾರೂ ಹೇಳಿರಲಿಲ್ಲ. ತಿಗಣೆಗೆ ಆಗುವುದು ಇದಕ್ಕೂ ಆಗಬಹುದೆಂಬ ಊಹೆ.

"ಸೀಮೆಎಣ್ಣಿ ನಾತ ಹಚ್ಕೊಂಡು ದೇವರ ಮಣ್ಣಿಗೆ ಹೊಂಟಾಳ!" ಎಂದರು ಅತ್ತೆ.

ನೆಲ ಗಟ್ಟಿಯಿತ್ತು. ಗುದ್ದಲಿ ಹಿಡಿದು ಅಭ್ಯಾಸವಿಲ್ಲದ ಅಂಗೈ ಬೇಗ ಬೊಬ್ಬೆ ಎದ್ದಿತು. ಒಂದು ಕೋಲಿನಿಂದ ಮಂಗವನ್ನು ಗುಂಡಿಗೆ ತಳ್ಳಿ ಮಣ್ಣೆಳೆಯೋಣವೆಂದುಕೊಂಡಿದ್ದೆ. ಆದರೆ ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ.

"ಕೂಡ್ಸು!" ಎಂದು ಅತ್ತೆ ಅಲ್ಲಿಂದಲೇ ಕೂಗಿದರು. "ಮಲಗಿಸಬ್ಯಾಡ, ಕೂಡ್ಸು! ತಲಿ ವಾಲ್ತೈತಿ, ನೆಟ್ಟಗ ಮಾಡು!"

ಹಳೆಯ ಚೀಲವೊಂದನ್ನು ಕೈಗೆ ಸುತ್ತಿಕೊಂಡು ಅದನ್ನು ಎತ್ತಿ ಕೂರಿಸಿದೆ. ಇನ್ನೂ ಬೆಚ್ಚಗಿತ್ತು. ಕಿವಿಯ ಹಿಂದೆ ಸಾಸಿವೆಯಷ್ಟು ಸಣ್ಣ ಉಣುಗುಗಳು ಅಂಟಿಕೊಂಡಿದ್ದನ್ನು ಕಂಡೆ. ಮೋಟಾರಿನಿಂದ ನೀಲು "ಅವ್ವಾ, ಅವ್ವಾ" ಎನ್ನುತ್ತಲೇ ಇದ್ದಳು. ನನ್ನ ಗಮನವೆಲ್ಲ ಆ ಚಿಲಕದ ಮೇಲೆ. ನಮ್ಮವರು ಮಗುವಿನ ಅಳು ತಾಳದೆ ತೆಗೆದುಬಿಟ್ಟಾರೆಂಬ ಭಯ. ಹಾಗೆ ಅತ್ತ ತಿರುಗಿದಾಗಲೇ ಅತ್ತೆ ನನ್ನ ಪಕ್ಕಕ್ಕೆ ಬಂದದ್ದು.

"ವಿಭೂತಿ ಮಾತ್ರ ನಾನ ಹಚ್ಚಬೇಕು. ನಿನ್ನ ಕೈ ಎಣ್ಣಿ ಕೈ."

ತಡೆಯಬಹುದಿತ್ತು. ಅಡ್ಡ ನಿಂತಿದ್ದರೂ ಸಾಕಿತ್ತು. ಅವರಿಗೆ ನೋವಾಗದಂಥ ಮಾತನ್ನು ನಾನು ಹುಡುಕುತ್ತಿದ್ದೆ, ಅಷ್ಟರಲ್ಲಿ ಅವರು ಬಗ್ಗಿ, ಎಡಗೈಯಿಂದ ಅದರ ಗದ್ದವೆತ್ತಿ, ಮಗುವಿಗೆ ಹಚ್ಚುವ ಹಾಗೆ ಹಣೆಗೆ ಮೂರು ಬೆರಳು ಎಳೆದಿದ್ದರು. ಅವರ ಒದ್ದೆ ಸೆರಗು ಅದರ ಮೈಮೇಲೆ ಬಿದ್ದಿತ್ತು.

"ಸೀರೆ ಬದಲಾಯಿಸಿ ಅತ್ತೆ" ಎಂದೆ.

"ಮಡೀಲಿ ಉಟ್ಟಿದ್ದು. ಯಾಕ ಬದಲಾಯಿಸ್ಲಿ?"

ಮಣ್ಣೆಳೆದು ಕಲ್ಲು ಹೇರಿದೆ. ನನ್ನ ಸೀರೆಯನ್ನು ಅಲ್ಲೇ ಸುಟ್ಟು, ಮಿಂದು, ಹಿಂದಿನ ಮೆಟ್ಟಿಲ ಹತ್ತಿರ ಒಬ್ಬಳೇ ಕೂತು ಊರಿಗೆ ಬಂದೆ. ನೀಲು ತೊಡೆಯೇರಲು ಎರಡು ಸಲ ಬಂದಳು. ಎರಡು ಸಲವೂ ಗದರಿದೆ. ಆಮೇಲೆ ಅವಳು ಅಜ್ಜಿಯ ಮಡಿಲಲ್ಲಿ ಮಲಗಿದಳು. ಅದೇ ಸೀರೆ. ಅಲ್ಲಿಂದ ಎಬ್ಬಿಸಿ ಅಪ್ಪನ ಪಕ್ಕಕ್ಕೆ ಕಳಿಸಿದೆ. ಅತ್ತೆ ನನ್ನನ್ನು ನೋಡಿದ ನೋಟ ಹೇಳಲಾರೆ.

ಎಂಟು ದಿನ ಮನೆಯೊಳಗೆ ಬರುವುದಿಲ್ಲವೆಂದೆ. ಗಿರಣಿಯ ಅಂಗಳದಲ್ಲಿ ನಿಂತ ಮೋಟಾರಿನಲ್ಲೇ ಉಳಿದೆ. ತಗಡು ಕಾದು ಮಧ್ಯಾಹ್ನ ಮೈ ಬೆಂದುಹೋಗುತ್ತಿತ್ತು. ಇದು ಬಿಸಿಲೋ ಜ್ವರವೋ ಎಂದು ಗಳಿಗೆಗೊಮ್ಮೆ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ಅತ್ತೆಯೇ ಚಹಾ ತಂದು ಕಿಟಕಿಯಲ್ಲಿಡುತ್ತಿದ್ದರು.

"ಮೈ ಬೆಚ್ಚಗೈತೇನ?"

"ಇಲ್ಲ ಅತ್ತೆ."

"ಮತ್ತ ಒಳಗ ಬಾ. ಗಿರಣಿಗೆ ಬಂದೋರೆಲ್ಲ ಸೊಸಿನ ಮೋಟಾರಿಗೆ ಹಾಕ್ಯಾಳ ಅಂತ ನನ್ನನ್ನ ಆಡ್ಕೊತಾರ."

"ನೀವೂ ನೀಲೂನ ಹತ್ತಿರ ಮಲಗಿಸಿಕೊಳ್ಳಬೇಡಿ."

"ಆತವ್ವ, ಆತು. ನಿಮ್ಮಪ್ಪನ ಹತ್ರ ಮಲಗು ಅಂದೀನಿ. ಮಗು ದಿನಾ ಅಳ್ತೈತಿ, ನಿಂಗ ಸಮಾಧಾನಾತಲ್ಲ?"

ಆರನೆಯ ಬೆಳಿಗ್ಗೆ ಚಹಾ ತಂದವರು ನಮ್ಮವರು. ಅರ್ಧ ಲೋಟ ಚಹಾ ದಾರಿಯಲ್ಲೇ ಚೆಲ್ಲಿಹೋಗಿತ್ತು.

"ಅವ್ವಗ ರಾತ್ರಿಯಿಂದ ಜ್ವರ. ತಲಿ ಸಿಡಿತೈತಿ ಅಂತಾಳ. ಎದ್ದು ಕೂಡಾಕ ಆಗವಲ್ದು."

"ನೀಲು?"

"ಆರಾಮ ಐತಿ. ಆಡಕತ್ತೈತಿ."

ಆ ಕ್ಷಣ ಮೊದಲು ನೆಮ್ಮದಿ ಎನಿಸಿತು. ಅದನ್ನು ಇಲ್ಲಿ ಬಚ್ಚಿಡುವುದಿಲ್ಲ.

"ನೀಲೂನ ಈಗಲೇ ಶಿಕಾರಿಪುರಕ್ಕೆ, ನಮ್ಮಕ್ಕನ ಮನೆಗೆ ಬಿಟ್ಟು ಬನ್ನಿ" ಎಂದೆ. "ಬರುವಾಗ ಡಾಕ್ಟರನ್ನು ಕರೆದುಕೊಂಡು ಬನ್ನಿ. ಕೋಣನಗುಡ್ಡದ ವಿಷಯ ಪೂರ್ತಿ ಹೇಳಿ. ನಾಚಿಕೊಳ್ಳಬೇಡಿ."

ಅವರು ಹೋದ ಮೇಲೆ ಒಳಗಿನ ಚಿಲಕ ತೆಗೆದು ಇಳಿದೆ. ಅತ್ತೆ ಹಿತ್ತಿಲ ಕೋಣೆಯಲ್ಲಿ ಮಲಗಿದ್ದರು. ಕಣ್ಣು ಕೆಂಡವಾಗಿತ್ತು. ನನ್ನನ್ನು ಕಂಡು ಕೈ ಬೀಸಿದರು.

"ಹತ್ರ ಬರಬ್ಯಾಡ. ನಿಂದಿನ್ನೂ ಎರಡು ದಿನ ಐತಲ್ಲ."

"ಐತಿ" ಎಂದೆ. ಅವರ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ತಲೆದಿಂಬಿನ ಹತ್ತಿರ ಕೂತು, ಹಣೆಗೆ ತಣ್ಣೀರು ಬಟ್ಟೆ ಹಾಕಿ, ಅವರ ಜಡೆ ಬಿಚ್ಚಿ, ಬೈತಲೆಯಿಂದ ಶುರುಮಾಡಿ ಕೂದಲನ್ನು ಒಂದೊಂದೇ ಎಳೆಯಾಗಿ ಬೇರ್ಪಡಿಸಿ ಹುಡುಕತೊಡಗಿದೆ.

"ಏನು ಹುಡುಕ್ತಿ?"

ಈ ಸಲ ನಾನು ನೋವಾಗದಂಥ ಮಾತು ಹುಡುಕುತ್ತ ತಡಮಾಡಲಿಲ್ಲ.

"ಉಣುಗು" ಎಂದೆ. "ಅಲುಗಾಡಬೇಡಿ."